ಸುಭದ್ರಮ್ಮನವರ ಯಾವಾಗಿನ ಪುಡಿ

ನನ್ನ ಮುಚ್ಚಳದ ನೆತ್ತಿಯ ಮೇಲೆ ಒಂದು ಗಾಜಿನ ಗುಂಡು ಇದೆ. ಒಳಗೆ ಏನು ಕುದಿಯುತ್ತಿದೆ ಎಂದು ಹೊರಗಿನವರಿಗೆ ಕಾಣಲಿ ಅಂತ ನನ್ನನ್ನು ಮಾಡಿದವರು ಅದನ್ನು ಕೂರಿಸಿದರು. ಹೊಟ್ಟೆಯಲ್ಲಿರುವುದನ್ನು ಮುಚ್ಚಿಡಲು ಬಾರದ ಜಾತಿ ನಮ್ಮದು. ಅಂಥ ಜಾತಿಯಲ್ಲಿ ಹುಟ್ಟಿಯೂ ಹನ್ನೊಂದು ವರ್ಷ ಒಂದು ಸುಳ್ಳಿಗೆ ಮೂಕಸಾಕ್ಷಿಯಾಗಿ ಕೂತಿದ್ದೆ. ಹೇಳಲು ನಾಚಿಕೆಯಾಗುತ್ತದೆ. ಹೇಳದೆ ಇರಲು ಇನ್ನೂ ನಾಚಿಕೆಯಾಗುತ್ತದೆ, ಅದಕ್ಕೇ ಹೇಳುತ್ತಿದ್ದೇನೆ.

ನನ್ನ ಹೆಸರು ಪರ್ಕೊಲೇಟರ್. ನಾಲಿಗೆ ಹೊರಳದವರು 'ಬುಗುಬುಗು ಪಾತ್ರೆ' ಎಂದರು, ಅದಕ್ಕೂ ಓಗೊಟ್ಟಿದ್ದೇನೆ. ಸಮುದ್ರದಾಚೆಯ ಯಾವುದೋ ಕಾರ್ಖಾನೆಯಲ್ಲಿ ಅಲ್ಯೂಮಿನಿಯಂ ತಗಡನ್ನು ಒತ್ತಿ ನನ್ನನ್ನು ಮಾಡಿದರು. ತಳದಲ್ಲಿ ನೀರು, ನಡುವೆ ಒಂದು ಕೊಳವೆ, ಕೊಳವೆಯ ತುದಿಯಲ್ಲಿ ತೂತುಗಳ ಬುಟ್ಟಿ, ಬುಟ್ಟಿಯಲ್ಲಿ ಕಾಫಿಪುಡಿ. ಒಲೆಯ ಮೇಲಿಟ್ಟರೆ ನೀರು ಕಾದು ಕೊಳವೆಯೊಳಗೆ ಏರಿ, ಗಾಜಿಗೆ ಬಡಿದು, ಪುಡಿಯ ಮೇಲೆ ಸುರಿದು, ಬಣ್ಣ ಹಿಡಿದು ಮತ್ತೆ ತಳಕ್ಕಿಳಿಯುತ್ತದೆ. ಹಾಗೇ ಏರುತ್ತ ಇಳಿಯುತ್ತ ಕಾಫಿಯಾಗುತ್ತದೆ. ಇಷ್ಟೇ ನನ್ನ ವಿದ್ಯೆ, ಹೆಚ್ಚೇನೂ ಇಲ್ಲ.

ಕಣ್ಣು ಬಿಟ್ಟು ಲೋಕ ನೋಡಿದ್ದು ಅರಸೀಕೆರೆಯ ರೈಲ್ವೆ ಕಾಲೊನಿಯಲ್ಲಿ, ಇಂಜಿನ್ ಡ್ರೈವರ್ ಮೋರಿಸ್ ಸಾಹೇಬರ ಮನೆಯಲ್ಲಿ. ಅವರ ಹೆಂಡತಿ ಐವಿ ಮೇಮ್‌ಗೆ ಯಾರೋ ಮದುವೆಯ ಉಡುಗೊರೆಯಾಗಿ ನನ್ನನ್ನು ಕೊಟ್ಟಿದ್ದರು. ಆಕೆಗೆ ನನ್ನ ಮರ್ಮವೆಲ್ಲ ಗೊತ್ತಿತ್ತು. ಪುಡಿ ಉಪ್ಪಿಟ್ಟಿನ ರವೆಯಷ್ಟು ದಪ್ಪ ಇರಬೇಕು. ಬುಟ್ಟಿಯಲ್ಲಿ ಅದನ್ನು ಒತ್ತಬಾರದು. ಗಾಜಿನಲ್ಲಿ ಮೊದಲ ಗುಳ್ಳೆ ಕಂಡ ಕೂಡಲೇ ಉರಿ ಸಣ್ಣದಾಗಬೇಕು. ಆಮೇಲೆ ಏಳು ನಿಮಿಷ. ಗಾಜು ಜೇನಿನ ಬಣ್ಣ ದಾಟಿ ಕಂದು ತಿರುಗಿದಾಗ ಇಳಿಸಿ, ಬುಟ್ಟಿಯನ್ನು ತೆಗೆದಿಟ್ಟುಬಿಡಬೇಕು. ಮರೆತು ಕೂತರೆ ಕಾಫಿ ಮತ್ತೆ ಮತ್ತೆ ಪುಡಿಯ ಮೇಲೆ ಸುರಿದು ಕಹಿಯಾಗುತ್ತದೆ. ಆ ಮನೆಯಲ್ಲಿ ನಾನು ಒಂದು ದಿನವೂ ಕಹಿ ಕಾಫಿ ಕೊಟ್ಟವನಲ್ಲ.

ಐವಿ ಮೇಮ್‌ಗೂ ಪುಡಿ ಬರುತ್ತಿದ್ದುದು ಧರಣೇಂದ್ರಯ್ಯನವರ ಅಂಗಡಿಯಿಂದ, ಕಾಲೊನಿಯ ಉಳಿದೆಲ್ಲ ಮನೆಗಳಿಗೂ ಅಲ್ಲಿಂದಲೇ. ಪೇಟೆ ಬೀದಿಯ ಆ ಅಂಗಡಿಯಲ್ಲಿ ಬೀಜ ಹುರಿಯಲು ಒಂದು ಉರುಟು ಡ್ರಮ್ಮು, ಪುಡಿ ಮಾಡಲು ಬೆಲ್ಟಿನ ಒಂದು ಮೆಷಿನ್ನು. ಅಲ್ಲಿಯ ಪದ್ಧತಿಯೇ ಬೇರೆ. ಯಾವ ಮನೆಗೆ ಯಾವ ಬೀಜ ಎಷ್ಟು, ಚಿಕೋರಿ ಎಷ್ಟು, ಪುಡಿ ಎಷ್ಟು ನುಣುಪು ಎಂಬುದೆಲ್ಲ ಧರಣೇಂದ್ರಯ್ಯನವರ ತಲೆಯಲ್ಲೇ ಇರುತ್ತಿತ್ತು. ಹೆಂಗಸರು ಡಬ್ಬಿ ಇಟ್ಟು "ಯಾವಾಗಿನದು" ಅಂದರೆ ಸಾಕು. ಅವರು ತಲೆಯಾಡಿಸಿ ಬೆನ್ನು ತಿರುಗಿಸಿ ಅಳೆಯುತ್ತಿದ್ದರು. ಬೇಕೆಂದೇ ಬೆನ್ನು ತಿರುಗಿಸುತ್ತಿದ್ದರು. ಒಬ್ಬರ ಮನೆಯ ಪುಡಿಯ ಗುಟ್ಟು ಪಕ್ಕದಲ್ಲಿ ನಿಂತವರಿಗೆ ತಿಳಿಯಬಾರದು, ಅದು ಅವರ ಕಸುಬಿನ ಮರ್ಯಾದೆ.

ಮೋರಿಸ್ ಸಾಹೇಬರ ಸಂಸಾರ ಊರು ಬಿಟ್ಟು ಹಡಗು ಹತ್ತಲು ಹೊರಟಾಗ, ಐವಿ ಮೇಮ್ ನನ್ನನ್ನು ಎದುರು ಮನೆಯ ಸುಭದ್ರಮ್ಮನವರ ಕೈಗಿತ್ತರು. ಸುಭದ್ರಮ್ಮ ಗಾರ್ಡ್ ಶ್ರೀಕಂಠಯ್ಯನವರ ಹೆಂಡತಿ. ತೆಳ್ಳಗೆ, ಚುರುಕಾಗಿ, ಮಾತಿಗೆ ಮುಂದು. ಮೇಮ್ ತಮ್ಮ ಮುರುಕು ಕನ್ನಡದಲ್ಲಿ "ದಪ್ಪ ಪುಡಿ, ಸಣ್ಣ ಉರಿ, ಮರೀಬೇಡ" ಎಂದು ಮೂರು ಸಲ ಹೇಳಿದರು. ಸುಭದ್ರಮ್ಮ ಮೂರು ಸಲವೂ "ಆಯ್ತು, ಆಯ್ತು" ಎಂದರು. ಕೇಳಿಸಿಕೊಂಡದ್ದು ಎಷ್ಟೋ, ದೇವರಿಗೇ ಗೊತ್ತು.

ಆ ಮನೆಯಲ್ಲಿ ಹಿತ್ತಾಳೆ ಫಿಲ್ಟರಿನದೇ ದರ್ಬಾರು. ನನ್ನನ್ನು ಮುಂಬಾಗಿಲಿಗೆ ಕಾಣುವ ಕಪಾಟಿನಲ್ಲಿ, ಬಂದವರ ಕಣ್ಣಿಗೆ ಬೀಳುವಂತೆ ಇಟ್ಟರು. ವಾರಕ್ಕೊಮ್ಮೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದರು. ಪಾತ್ರೆ ತಿಕ್ಕುವಾಗ ತಮ್ಮಷ್ಟಕ್ಕೆ ಮಾತಾಡಿಕೊಳ್ಳುವುದು ಸುಭದ್ರಮ್ಮನವರ ಅಭ್ಯಾಸ. ಅವರ ಸಂಗತಿಗಳೆಲ್ಲ ನನಗೆ ತಿಳಿದದ್ದು ಹಾಗೆಯೇ.

ತಿಳಿದವುಗಳಲ್ಲಿ ಒಂದು, ಅವರ ಮನೆಯ 'ಯಾವಾಗಿನದು' ಅರ್ಧಕ್ಕರ್ಧ ಎಂಬುದು. ಅರ್ಧ ಕಾಫಿ, ಅರ್ಧ ಚಿಕೋರಿ. ಗಾರ್ಡಿನ ಮನೆ, ಹೊತ್ತಲ್ಲದ ಹೊತ್ತಿನಲ್ಲಿ ಕಾಫಿ, ಬಂದುಹೋಗುವ ನೆಂಟರು. ಚಿಕೋರಿ ಇದ್ದರೆ ಡಿಕಾಕ್ಷನ್ನು ಕಪ್ಪಗೆ ಗಟ್ಟಿಯಾಗಿ ಇಳಿಯುತ್ತದೆ, ನಾಲ್ಕು ಲೋಟ ಹೆಚ್ಚಿಗೆ ಬರುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಕಾಲೊನಿಯ ಹೆಂಗಸರ ನಡುವೆ ಚಿಕೋರಿ ಎಂದರೆ ಬಡತನದ ಇನ್ನೊಂದು ಹೆಸರು. "ನಮ್ಮನೇಲಿ ಚಿಕೋರಿ ಮುಟ್ಟೋದೇ ಇಲ್ಲಪ್ಪ" ಎಂದು ಸುಭದ್ರಮ್ಮ ಎಲ್ಲರಿಗಿಂತ ಜೋರಾಗಿ ಹೇಳುತ್ತಿದ್ದರು. ಸ್ಟೇಷನ್ ಮಾಸ್ಟರ ಹೆಂಡತಿ ತಿರುಮಲಮ್ಮ "ನಮ್ಮನೇಲೂ ಅಷ್ಟೇ ರೀ" ಎನ್ನುತ್ತಿದ್ದರು.

ಮಗಳು ಮಂದಾಕಿನಿಯನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆಂದು ಗೊತ್ತಾಯಿತು. ಏಳು ಜನ. ಫಿಲ್ಟರಿಗೆ ನಾಲ್ಕು ಲೋಟ ಇಳಿಸಲೇ ಅರ್ಧ ದಿನ ಬೇಕು. ಅದಕ್ಕೇ ನನ್ನ ನೆನಪಾಯಿತು. ನಾನು ಒಂದೇ ಸಲಕ್ಕೆ ಹತ್ತು ಕಪ್ಪು ಕೊಡಬಲ್ಲೆ, ಜೊತೆಗೆ ಮೇಮ್ ಸಾಹೇಬರ ಪಾತ್ರೆ ಎಂಬ ಠೀವಿ ಬೇರೆ. ಸುಭದ್ರಮ್ಮನವರಿಗೆ ದಪ್ಪ ಪುಡಿಯ ಮಾತೂ ನೆನಪಿತ್ತು. ಈ ಒಂದು ಸಲ ಚಿಕೋರಿಯಿಲ್ಲದ ದಪ್ಪ ಪುಡಿ ತರೋಣ ಎಂದುಕೊಂಡೇ ಪೇಟೆಗೆ ಹೋದರು.

ಹಿಂದಿರುಗಿ ನನ್ನನ್ನು ತಿಕ್ಕುತ್ತ ಗೊಣಗಿದ್ದು ಈಗಲೂ ಕಿವಿಯಲ್ಲಿದೆ: "ಆ ತಿರುಮಲಮ್ಮ ಪಕ್ಕದಲ್ಲೇ ಗೂಟದ ಹಾಗೆ ನಿಂತಿದ್ಲಲ್ಲ! 'ಇವತ್ತು ಚಿಕೋರಿ ಬೇಡಿ' ಅಂತ ಹೇಗೆ ಹೇಳ್ಲಿ? ಹಾಗಂದ್ರೆ ದಿನಾ ಬೇಕು ಅಂತಾಗಲ್ವಾ?" ಹಾಗಾಗಿ ಡಬ್ಬಿ ಇಟ್ಟು ಯಾವಾಗಿನದು ಎಂದಿದ್ದರು. ಧರಣೇಂದ್ರಯ್ಯ ಬೆನ್ನು ತಿರುಗಿಸಿ, ಯಾವಾಗಿನಂತೆ ಅರ್ಧಕ್ಕರ್ಧ ಅಳೆದು, ನುಣ್ಣಗೆ ಪುಡಿ ಮಾಡಿ ಕೊಟ್ಟಿದ್ದರು.

ಆ ದಿನ ಬಂತು. ಹಿಟ್ಟಿನಂಥ ಪುಡಿಯನ್ನು ನನ್ನ ಬುಟ್ಟಿಗೆ ಸುರಿದು, ಫಿಲ್ಟರಿಗೆ ಮಾಡಿ ಅಭ್ಯಾಸವಾದ ಕೈಯಿಂದ ಚಮಚದಲ್ಲಿ ಒತ್ತಿ ಒತ್ತಿ ಸಮ ಮಾಡಿದರು. ಸ್ಟವ್ವಿಗೆ ಗಾಳಿ ಹೊಡೆದು ಉರಿ ಏರಿಸಿದರು. ನನ್ನ ಉಸಿರು ಕಟ್ಟಿತು. ಒತ್ತಿದ ಪುಡಿಯಲ್ಲಿ ನೀರು ಇಳಿಯದೆ, ಚಿಕೋರಿ ಅಂಟಾಗಿ ತೂತುಗಳನ್ನು ಮುಚ್ಚಿ, ನುಣ್ಣನೆಯ ಪುಡಿ ಅಂಚಿನಿಂದ ಉಕ್ಕಿ ತಳಕ್ಕೆ ಬಿತ್ತು. ಐದೇ ನಿಮಿಷಕ್ಕೆ ಗಾಜಿನಲ್ಲಿ ಕರಿ ತೋರಿಸಿದೆ. ನನ್ನ ಭಾಷೆಯಲ್ಲಿ ಅದು 'ಸಾಕು, ಇಳಿಸಿ' ಎಂಬ ಕೂಗು. ಸುಭದ್ರಮ್ಮ ನೋಡಿ "ಇನ್ನೂ ಗಟ್ಟಿಯಾಗ್ಲಿ" ಎಂದು ಇಪ್ಪತ್ತು ನಿಮಿಷ ಕುದಿಸಿದರು.

ಆಮೇಲೆ ನನ್ನನ್ನು ಬೆಳ್ಳಿಯ ತಟ್ಟೆಯಲ್ಲಿಟ್ಟು ನಡುಮನೆಗೆ ಒಯ್ದು ಟೀಪಾಯಿಯ ಮೇಲೆ ಕೂರಿಸಿದರು. ಮಂದಾಕಿನಿ ತಲೆ ತಗ್ಗಿಸಿ ನಿಂತಿದ್ದಳು. ಸಹಾಯಕ್ಕೆಂದು ಬಂದ ತಿರುಮಲಮ್ಮ ಬಾಗಿಲಲ್ಲಿದ್ದರು. ಗಂಡಿನ ಸೋದರಮಾವ ಸೀತಾಪತಯ್ಯ ನನ್ನನ್ನು ನೋಡಿ ಮುಖ ಅರಳಿಸಿದರು.

"ಓಹೋ, ಪರ್ಕೊಲೇಟರು! ಈ ಊರಲ್ಲಿ ಇದನ್ನ ನೋಡ್ತೀನಿ ಅಂದ್ಕೊಂಡಿರ್ಲಿಲ್ಲ."

"ನಮ್ಮನೇಲಿ ಕಾಫಿ ಅಂದ್ರೆ ಕಾಫಿನೇ, ಚಿಕೋರಿ ಮುಟ್ಟೋದೇ ಇಲ್ಲ ನೋಡಿ" ಎಂದರು ಸುಭದ್ರಮ್ಮ. ಯಾರೂ ಕೇಳಿರಲಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು ಎಂಬುದು ಇದಕ್ಕೇ.

"ಹಾಗಾದ್ರೆ ನಂಗೆ ಹಾಲು ಬೇಡಮ್ಮ. ಚಿಕ್ಕಮಗಳೂರಲ್ಲಿ ಬೀಜ ಹದ ಮಾಡೋ ಕ್ಯೂರಿಂಗ್ ಕಾರ್ಖಾನೇಲಿ ಮೂವತ್ತು ವರ್ಷದಿಂದ ಕಾಫಿ ರುಚಿ ನೋಡೋದೇ ನನ್ನ ಕೆಲಸ. ಹಾಗೇ ಕೊಡಿ."

ಸುಭದ್ರಮ್ಮ ಹಾಲಿನ ಚೊಂಬನ್ನು ಹಿಂದಕ್ಕೆ ಸರಿಸಿದರು. ಬೇರೆ ದಾರಿ ಇರಲಿಲ್ಲ, ಬಗ್ಗಿಸಿದರು. ನನ್ನ ಮೂತಿಯಿಂದ ಕೆಸರಿನಂಥದು ಇಳಿಯಿತು. ಸೀತಾಪತಯ್ಯ ಸೊರ್ರೆಂದು ಒಂದು ಗುಟುಕು ಎಳೆದು, ಬಾಯೊಳಗೆ ಆಡಿಸಿ, ಕಣ್ಣು ಮುಚ್ಚಿ ತೆರೆದರು. ಬೆರಳಿನಿಂದ ತುಟಿಯ ಮೇಲಿನ ಪುಡಿ ಒರೆಸಿಕೊಂಡರು. ಅವರ ಮುಖದಲ್ಲಿ ಕುಹಕವೇನೂ ಇರಲಿಲ್ಲ. ಕಸುಬಿನ ಮನುಷ್ಯ, ಬಾಯಿಗೆ ಬಂದ ರುಚಿಯನ್ನು ಹಾಗೇ ಹೇಳಿದರು.

"ಇದ್ರಲ್ಲಿ ಅರ್ಧಕ್ಕರ್ಧ ಚಿಕೋರಿ ಇದೆಯಲ್ಲಮ್ಮ."

ಶ್ರೀಕಂಠಯ್ಯ ಕೆಮ್ಮಿದರು. ಗಂಡಿನ ತಾಯಿ ಸುಭದ್ರಮ್ಮನವರನ್ನು ನೆಟ್ಟಗೆ ನೋಡಿದರು. ಆ ನೋಟದಲ್ಲಿ 'ಕಾಫಿಯಲ್ಲೇ ಸುಳ್ಳು ಹೇಳುವವರು ಮಗಳ ವಿಷಯದಲ್ಲಿ ಏನೇನು ಹೇಳಿರಬಹುದು' ಎಂಬ ಪ್ರಶ್ನೆ ಇತ್ತು. ಸುಭದ್ರಮ್ಮ ಮಗಳ ಕಡೆ ನೋಡಿದರು, ತಿರುಮಲಮ್ಮನ ಕಡೆ ನೋಡಿದರು. ಆಮೇಲೆ ಹಣೆ ಬಡಿದುಕೊಂಡು ಹೇಳಿಬಿಟ್ಟರು:

"ಅಯ್ಯೋ, ಆ ಧರಣೇಂದ್ರಯ್ಯ ಹೀಗೆ ಮಾಡಿದಾನಾ? ನಂಬಿ ತಗೊಂಡ್ ಬಂದೆನಲ್ಲ! ಅಚ್ಚ ಕಾಫಿ ಅಂತ ಹೇಳಿ ಕಲಬೆರಕೆ ಕೊಟ್ಟಿದಾನೆ!"

ಗಂಡಿನ ತಾಯಿಯ ಮುಖ ಸಡಿಲವಾಯಿತು. "ಈಗಿನ ಅಂಗಡಿಯವ್ರೇ ಹಾಗೆ ಬಿಡಿ" ಎಂದರು. ಮಾತು ಬೇರೆ ಕಡೆ ಹೊರಳಿತು. ಸಂಬಂಧ ಕುದುರಿತು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ಗಾದೆಯೇ ಇದೆ. ಸುಭದ್ರಮ್ಮ ಹೇಳಿದ್ದು ಒಂದೇ. ಆದರೆ ಆ ಸಾವಿರದಲ್ಲಿ ಯಾವುದೂ ಇನ್ನೊಬ್ಬರ ತಲೆಯ ಮೇಲೆ ಬೀಳಬೇಕೆಂದು ಗಾದೆ ಮಾಡಿದವರು ಹೇಳಿರಲಿಲ್ಲ. ಟೀಪಾಯಿಯ ಮೇಲೆ ನಾನು ಹೊಳೆಯುತ್ತ ಕೂತಿದ್ದೆ. ಒಳಗಿನದನ್ನೆಲ್ಲ ತೋರಿಸುವ ನನ್ನ ಗಾಜಿನಲ್ಲಿ ಕರಿ ನೀರಲ್ಲದೆ ಯಾರಿಗೂ ಏನೂ ಕಾಣಲಿಲ್ಲ.

ತಿರುಮಲಮ್ಮನ ಕಿವಿಗೆ ಬಿದ್ದದ್ದು ಕಾಲೊನಿಗೆ ಡಂಗುರ ಹೊಡೆದಂತೆ. ಮೂರು ದಿನದಲ್ಲಿ ಒಂದು ಮನೆಯ ಡಬ್ಬಿಯೂ ಧರಣೇಂದ್ರಯ್ಯನವರ ಅಂಗಡಿಗೆ ಹೋಗಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರದ ಹೊಸ ಅಂಗಡಿಗೆ ಎಲ್ಲರೂ ತಿರುಗಿಕೊಂಡರು. ಕಾಲೊನಿ ಬಿಟ್ಟ ಮೇಲೆ ಪೇಟೆಯವರೂ ಬಿಟ್ಟರು. ಕಲಬೆರಕೆ ಧರಣೇಂದ್ರಯ್ಯ ಎಂಬ ಹೆಸರು ನಿಂತಿತು.

ಒಂದು ಬೆಳಿಗ್ಗೆ ನನ್ನನ್ನು ತೊಳೆದು ಜಗಲಿಕಟ್ಟೆಯ ಬಿಸಿಲಲ್ಲಿ ಬೋರಲು ಹಾಕಿದ್ದರು. ಗೇಟಿನ ಹತ್ತಿರ ಧರಣೇಂದ್ರಯ್ಯ ಬಂದು ನಿಂತರು. ಬಿಳಿ ಅಂಗಿ, ಮಡಿಸಿದ ಕೊಡೆ, ಕೈಯಲ್ಲಿ ಕಾಗದದ ಪೊಟ್ಟಣ. ಶ್ರೀಕಂಠಯ್ಯ ಒಳಗೆ ಪೇಪರ್ ಓದುತ್ತಿದ್ದರು. ಪಕ್ಕದ ಮನೆಯ ಜಗಲಿಯಲ್ಲಿ ತಿರುಮಲಮ್ಮ ಅಕ್ಕಿ ಆರಿಸುತ್ತ ಕೈ ನಿಲ್ಲಿಸಿದರು. ಸುಭದ್ರಮ್ಮ ಬಾಗಿಲಿಗೆ ಬಂದವರು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು. 'ಈಗ ಹೇಳಿಬಿಡುತ್ತಾರೆ' ಎಂದು ಅವರಿಗೂ ಅನ್ನಿಸಿತು, ನನಗೂ ಅನ್ನಿಸಿತು. ಹೇಳಲಿ ಎಂದು ನಾನು ಬೇಡಿಕೊಂಡೆ. ಒಂದೇ ಒಂದು ವಾಕ್ಯದಿಂದ ಆ ಮನುಷ್ಯನ ಮಾನ ಉಳಿಯುತ್ತಿತ್ತು.

ಧರಣೇಂದ್ರಯ್ಯ ನನ್ನ ಕಡೆ ಒಮ್ಮೆ ನೋಡಿ, ತಗ್ಗಿದ ದನಿಯಲ್ಲಿ ಹೇಳಿದರು: "ಮೇಮ್ ಸಾಹೇಬ್ರ ಪಾತ್ರೆ ನಿಮ್ಮಲ್ಲಿರೋದು ನಂಗೆ ಗೊತ್ತಿರ್ಲಿಲ್ಲ ತಾಯಿ. ಗೊತ್ತಿದ್ರೆ ಕೇಳಿ ಕೊಡ್ತಿದ್ದೆ. ಇದು ಅಚ್ಚ ಕಾಫಿ, ದಪ್ಪ ಪುಡಿ. ಇಟ್ಕೊಳ್ಳಿ."

ಪೊಟ್ಟಣವನ್ನು ಕಟ್ಟೆಯ ಮೇಲೆ, ನನ್ನ ಪಕ್ಕದಲ್ಲಿಟ್ಟು ಹೊರಟುಹೋದರು. "ತಪ್ಪು ಮಾಡಿದೋನು, ತೆತ್ತು ಹೋದ ನೋಡಿ" ಎಂದರು ತಿರುಮಲಮ್ಮ. ಸುಭದ್ರಮ್ಮ ಪೊಟ್ಟಣವನ್ನೂ ನನ್ನನ್ನೂ ಎತ್ತಿಕೊಂಡು ಒಳಗೆ ಹೋದರು.

ಅಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಅವರು ಆ ಪುಡಿಯನ್ನು ನನಗೆ ಹಾಕಿದರು. ಒತ್ತಲಿಲ್ಲ. ಮೊದಲ ಗುಳ್ಳೆಗೆ ಉರಿ ಇಳಿಸಿದರು. ಗಾಜು ಕಂದಾಗುವುದನ್ನೇ ನೋಡುತ್ತ ಕೂತರು. ಅಂಥ ಕಾಫಿಯನ್ನು ನಾನು ಮೇಮ್ ಸಾಹೇಬರ ಮನೆಯಲ್ಲೂ ಮಾಡಿರಲಿಲ್ಲ. ಘಮ ಅಂಗಳದ ತನಕ ಹೋಗಿತ್ತು. ಸುಭದ್ರಮ್ಮ ಲೋಟವನ್ನು ತುಟಿಯ ತನಕ ತಂದರು, ಕುಡಿಯಲಾಗಲಿಲ್ಲ. ಬಚ್ಚಲಿಗೆ ಚೆಲ್ಲಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತರು. ಆಮೇಲೆ ನನ್ನನ್ನು ಮುಂಬಾಗಿಲ ಕಪಾಟಿನಿಂದ ತೆಗೆದು ಅಟ್ಟದ ಮೇಲೆ, ಹಳೆಯ ಚಾಪೆಯ ಹಿಂದೆ ಇಟ್ಟರು. ನನ್ನ ಬುಟ್ಟಿಯ ತೂತುಗಳ ಅಂಚಿನಲ್ಲಿ ಗಂಡಿನವರು ಬಂದ ದಿನದ ನುಣುಪು ಪುಡಿ, ಚಿಕೋರಿಯ ಅಂಟಿನ ಜೊತೆ ಒಣಗಿ ಕೂತಿತ್ತು. ಎಷ್ಟು ತೊಳೆದರೂ ಅದು ಹೋಗಿರಲಿಲ್ಲ.

ಅಟ್ಟದಲ್ಲಿ ಹನ್ನೊಂದು ವರ್ಷ ಇದ್ದೆ. ಕೆಳಗೆ ಮದುವೆಯಾಯಿತು, ಮಂದಾಕಿನಿಗೆ ಎರಡು ಬಾಣಂತನ ಆಯಿತು. ಸುಭದ್ರಮ್ಮ ಮಾತು ಕಡಿಮೆ ಮಾಡಿದ್ದರು. ಅವರು ಕಾಫಿ ಬಿಟ್ಟು ಬಾರ್ಲಿ ನೀರು ಕುಡಿಯುತ್ತಿದ್ದಾರೆಂದು ಕೆಳಗಿನ ಮಾತಿನಿಂದ ತಿಳಿಯಿತು. ಕಾರಣ ಕೇಳಿದರೆ ಪಿತ್ತ ಎನ್ನುತ್ತಿದ್ದರಂತೆ.

ಶ್ರೀಕಂಠಯ್ಯನವರು ನಿವೃತ್ತರಾಗಿ ಕ್ವಾರ್ಟರ್ಸ್ ಬಿಡುವ ವಾರ ಬಂತು. ಕಾಲೊನಿಯ ಹೆಂಗಸರು ಅರಿಸಿನ ಕುಂಕುಮಕ್ಕೆ ಬಂದು ನಡುಮನೆಯಲ್ಲಿ ಕೂತಿದ್ದರು. ಸುಭದ್ರಮ್ಮ ಏಣಿ ಹಾಕಿ ತಾವೇ ಹತ್ತಿ ನನ್ನನ್ನು ಇಳಿಸಿದರು. ಮೈಮೇಲಿನ ಧೂಳನ್ನೂ ಒರೆಸದೆ ತಂದು ಎಲ್ಲರ ನಡುವೆ ಇಟ್ಟರು.

"ಒಂದು ಮಾತು ಹೇಳ್ಬೇಕು. ಆವತ್ತು ಧರಣೇಂದ್ರಯ್ಯನವ್ರು ಕಲಬೆರಕೆ ಮಾಡಿರ್ಲಿಲ್ಲ. ನಮ್ಮನೆ ಪುಡಿ ಯಾವಾಗ್ಲೂ ಅರ್ಧಕ್ಕರ್ಧನೇ. ನಾನು ಸುಳ್ಳು ಹೇಳ್ದೆ."

ಯಾರೂ ಬೆರಗಾಗಲಿಲ್ಲ. ಅದು ಸುಭದ್ರಮ್ಮನವರಿಗೆ ಇನ್ನೂ ವಿಚಿತ್ರವಾಗಿ ಕಂಡಿತು. ತಿರುಮಲಮ್ಮ ನೆಲ ನೋಡುತ್ತ ಹೇಳಿದರು: "ಗೊತ್ತಿತ್ತು ರೀ. ನಮ್ದು ಎಪ್ಪತ್ತಕ್ಕೆ ಮೂವತ್ತು ಚಿಕೋರಿ. ಇಷ್ಟು ವರ್ಷ ಒಂದು ಚಮಚ ಹೆಚ್ಚು ಕಮ್ಮಿ ಮಾಡಿದ್ ಮನುಷ್ಯ ಅಲ್ಲ ಅವ್ರು."

"ಗೊತ್ತಿದ್ದೂ ಯಾಕ್ರೀ ಬಿಟ್ರಿ ಅವ್ರ ಅಂಗಡೀನ?"

"ನೀವು ಹಾಗಂದ್ಮೇಲೂ ಅಲ್ಲೇ ತಗೊಂಡಿದ್ರೆ, ಚಿಕೋರಿ ನಮಗೆ ಒಪ್ಪಿಗೆ ಅಂತ ಆಗ್ತಿರ್ಲಿಲ್ವಾ?"

ಕುಂಬಳಕಾಯಿ ಕಳ್ಳ ಎಂದರೆ ಎಲ್ಲರೂ ಹೆಗಲು ಮುಟ್ಟಿ ನೋಡಿಕೊಂಡವರೇ. ಒಬ್ಬೊಬ್ಬರಾಗಿ ಎದ್ದು, ಎಲೆ ಅಡಿಕೆ ತೆಗೆದುಕೊಂಡು, ಒಬ್ಬರ ಮುಖ ಒಬ್ಬರು ನೋಡದೆ ಹೊರಟರು.

ಸುಭದ್ರಮ್ಮ ನನ್ನನ್ನು ಕೈಚೀಲಕ್ಕೆ ಹಾಕಿಕೊಂಡು ಪೇಟೆ ಬೀದಿಗೆ ನಡೆದರು. ಅಂಗಡಿ ಇತ್ತು. ಹುರಿಯುವ ಡ್ರಮ್ಮು ಇರಲಿಲ್ಲ, ಮೆಷಿನ್ನೂ ಇರಲಿಲ್ಲ. ಮೆಷಿನ್ನು ಕೂತಿದ್ದ ಜಾಗದಲ್ಲಿ ನೆಲದಿಂದ ನಾಲ್ಕು ಬೋಲ್ಟು ಮಾತ್ರ ಎದ್ದುಕೊಂಡಿದ್ದವು. ಪೊರಕೆ, ಕರ್ಪೂರ, ಊದುಬತ್ತಿ, ಹುರಿಹಗ್ಗಗಳ ನಡುವೆ ಧರಣೇಂದ್ರಯ್ಯ ಕನ್ನಡಕ ಹಾಕಿಕೊಂಡು ಕೂತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ.

"ಬನ್ನಿ ತಾಯಿ" ಎಂದರು, ನಿನ್ನೆ ಬಂದು ಹೋದವರನ್ನು ಕರೆದಂತೆ.

ಸುಭದ್ರಮ್ಮ ನನ್ನನ್ನು ಕಟ್ಟೆಯ ಮೇಲಿಟ್ಟರು. "ಇವತ್ತು ಎಲ್ರ ಎದುರಿಗೆ ಹೇಳ್ಬಿಟ್ಟೆ. ನಮ್ಮನೆ ಪುಡಿ ಏನು ಅಂತ. ತಪ್ಪು ನಂದು ಅಂತ. ಹನ್ನೊಂದು ವರ್ಷ ಆಯ್ತು. ಆವತ್ತು ಗೇಟ್ ಹತ್ರ ನೀವೇ ಯಾಕೆ ಹೇಳ್ಲಿಲ್ಲ? ನೀವು ಹೇಳಿದ್ರೆ ನಾನು ಅಲ್ಲ ಅಂತಿರ್ಲಿಲ್ಲ."

ಧರಣೇಂದ್ರಯ್ಯ ನನ್ನ ಮುಚ್ಚಳ ತೆಗೆದರು, ಬುಟ್ಟಿಯನ್ನು ಹೊರಗೆ ಎತ್ತಿದರು. ತೂತುಗಳಲ್ಲಿ ಕಲ್ಲಾಗಿದ್ದ ಕರಿಯನ್ನು ಉಗುರಿನಿಂದ ಕೆರೆದು ಮೂಗಿನ ಹತ್ತಿರ ಹಿಡಿದರು. ಹನ್ನೊಂದು ವರ್ಷದ ಹಿಂದಿನ ಪುಡಿಯಲ್ಲಿ ಏನು ವಾಸನೆ ಉಳಿದಿತ್ತೋ, ಅವರಿಗೆ ಗೊತ್ತಾಯಿತು. ತಾವೇ ಅಳೆದ ಪುಡಿ, ಗೊತ್ತಾಗದೆ ಇರುತ್ತದೆಯೇ? ಪಕ್ಕದಲ್ಲಿದ್ದ ಪೊರಕೆಯಿಂದ ಒಂದು ಕಡ್ಡಿ ಮುರಿದುಕೊಂಡರು. ಬುಟ್ಟಿಯನ್ನು ಬೆಳಕಿಗೆ ಹಿಡಿದು ಒಂದೊಂದೇ ತೂತನ್ನು ಚುಚ್ಚಿ ಬಿಡಿಸತೊಡಗಿದರು.

ಸುಭದ್ರಮ್ಮ ನೋಡುತ್ತ ನಿಂತರು. ನನ್ನ ಬುಟ್ಟಿಗೆ ನೂರಾರು ತೂತು. ಧರಣೇಂದ್ರಯ್ಯ ಅವಸರ ಮಾಡಲಿಲ್ಲ, ಒಂದನ್ನೂ ಬಿಡಲಿಲ್ಲ. ಕರಿಪುಡಿ ಕಟ್ಟೆಯ ಮೇಲೆ ಉದುರಿತು. ಅದನ್ನು ಅಂಗೈಯಿಂದ ಒರೆಸಿ ಮೋರಿಗೆ ಕೊಡವಿದರು. ಬುಟ್ಟಿಯನ್ನು ಮತ್ತೆ ನನ್ನೊಳಗೆ ಕೂರಿಸಿ ಮುಚ್ಚಳ ಹಾಕಿದರು.

"ಇನ್ನು ಇದರಲ್ಲಿ ಯಾವ ಪುಡಿ ಇತ್ತು ಅಂತ ಯಾರಿಗೂ ಗೊತ್ತಾಗಲ್ಲ ತಾಯಿ" ಎಂದರು.

"ಗೊತ್ತಾಗ್ಲಿ ಅಂತಲೇ ಬಂದೆನಲ್ಲ ನಾನು!" ಎಂದರು ಸುಭದ್ರಮ್ಮ.

"ನಿಮ್ಮನೇದು ನೀವು ಹೇಳಿದ್ರಿ. ಹೇಳಬಹುದು. ಆದ್ರೆ ನಾನು ಹೇಳೋ ಹಾಗಿಲ್ಲ."

ಸುಭದ್ರಮ್ಮ ಅಲ್ಲೇ, ಪೊರಕೆಗಳ ನಡುವೆ ಇದ್ದ ಸ್ಟೂಲಿನ ಮೇಲೆ ಕೂತರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಅವರು ಕೊಡಲು ತಂದಿದ್ದು ಹಳೆಯ ಅಲ್ಯೂಮಿನಿಯಂ ಪಾತ್ರೆ. "ಇದು ನಿಮ್ಮಲ್ಲೇ ಇರ್ಲಿ" ಎಂದು ಹೇಳಿ ಎದ್ದರು. "ನಾನು ಕಾಫಿ ಕುಡಿಯೋದಿಲ್ಲ ತಾಯಿ, ಯಾವತ್ತೂ ಕುಡಿದಿಲ್ಲ" ಎಂದರು ಧರಣೇಂದ್ರಯ್ಯ. ಆದರೂ ಬೇಡ ಎನ್ನಲಿಲ್ಲ.

ಅಂದಿನಿಂದ ನಾನು ಈ ಅಂಗಡಿಯ ಮೇಲಿನ ಹಲಗೆಯಲ್ಲಿ, ಕರ್ಪೂರದ ಡಬ್ಬಗಳ ಪಕ್ಕದಲ್ಲಿದ್ದೇನೆ. ಒಲೆಯ ಬಿಸಿ ಕಂಡು ವರ್ಷಗಳಾದವು. ಸುಭದ್ರಮ್ಮ ಊರು ಬಿಟ್ಟ ತಿಂಗಳಿಗೆ ತಿರುಮಲಮ್ಮ ಬಂದಿದ್ದರು, ಸೆರಗಿನೊಳಗೆ ಡಬ್ಬಿ ಇಟ್ಟುಕೊಂಡು. ಮೆಷಿನ್ನಿಲ್ಲದ ನಾಲ್ಕು ಬೋಲ್ಟನ್ನು ನೋಡಿದರು, ಡಬ್ಬಿಯನ್ನು ಹೊರಗೆ ತೆಗೆಯದೆ ಒಂದು ಪೊರಕೆ ತೆಗೆದುಕೊಂಡು ಹೋದರು. ನನ್ನ ಮೈ ಈಗ ಶುದ್ಧವಾಗಿದೆ, ಒಂದು ತೂತಿನಲ್ಲೂ ಕರಿಯಿಲ್ಲ. ಆದರೆ ಆ ಕರಿ ಇದ್ದಾಗ ಆದದ್ದಕ್ಕಿಂತ ಹೆಚ್ಚು ನಾಚಿಕೆ ಈಗ ಆಗುತ್ತದೆ. ಅವತ್ತು ಗಾಜಿನಲ್ಲಿ ಎಲ್ಲವನ್ನೂ ತೋರಿಸುತ್ತೇನೆ ಎಂಬ ಹೆಮ್ಮೆ ನನಗಿತ್ತು. ತೋರಿಸದೆ ಇರುವುದಕ್ಕೆ ಎಷ್ಟು ಗಟ್ಟಿ ಇರಬೇಕೆಂದು ಈ ಅಂಗಡಿಗೆ ಬಂದ ಮೇಲೆ ತಿಳಿಯಿತು.

ಒಮ್ಮೊಮ್ಮೆ ಗಿರಾಕಿಗಳು ಮೇಲೆ ನೋಡಿ, "ಅದೇನ್ ಸ್ವಾಮಿ, ಚೆನ್ನಾಗಿದೆ, ಯಾರ್ದು?" ಎಂದು ಕೇಳುತ್ತಾರೆ. ಧರಣೇಂದ್ರಯ್ಯ ತಲೆಯೆತ್ತದೆ ಕರ್ಪೂರ ಕಟ್ಟುತ್ತ, "ಯಾರೋ ಬಿಟ್ಟು ಹೋದ್ರು, ನೆನಪಿಲ್ಲ" ಎನ್ನುತ್ತಾರೆ. ಅವರ ಬಾಯಿಂದ ನಾನು ಕೇಳಿದ ಸುಳ್ಳು ಅದೊಂದೇ.